"ಹುಳ ನಿದ್ದೆ ಮಾಡ್ತಿದೆ" ಅಂದಾಗಿನಿಂದ ಮಗಳು ಮಲಗಲು ಹೆದರುತ್ತಾಳೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ರೇಷ್ಮೆ ಹುಳ ಸಾಕುತ್ತೇವೆ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ನಾಲ್ಕು ವರ್ಷದ ಮಗಳು. ಅವಳು ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ ಕೇಳುತ್ತಲೇ ಇರುತ್ತಾಳೆ. ನೀರು ಯಾಕೆ ಕೆಳಗೇ ಹೋಗುತ್ತೆ, ಹುಳಕ್ಕೆ ಹಲ್ಲು ಇದೆಯಾ, ಅಜ್ಜಿ ಕೂದಲು ಯಾಕೆ ಬಿಳಿ, ಹೀಗೆ. ಎಲ್ಲವನ್ನೂ ಮುಟ್ಟಿ ನೋಡಲೇಬೇಕು. ಮೊನ್ನೆ ಟಾರ್ಚ್ ಬಿಚ್ಚಿ ಸೆಲ್ ಹೊರಗೆ ತೆಗೆದಿದ್ದಳು. ಹೋದ ಬೆಳೆಯಲ್ಲಿ ಲಂಗದಲ್ಲಿ ಹುಳ ತುಂಬಿಕೊಂಡು ಬಂದು ತನ್ನ ಹಾಸಿಗೆಯಲ್ಲಿ ಮಲಗಿಸಿದ್ದಳು. ಆಮೇಲೆ ಒಂದು ದಿನ ನೂಲು ಬಿಚ್ಚುವ ನೆಂಟರ ಮನೆಗೆ ಹೋಗಿದ್ದೆವು. ಬಿಸಿನೀರಿನಲ್ಲಿ ಗೂಡು ಬೇಯುವುದನ್ನು ನೋಡಿ "ಒಳಗೆ ಹುಳ ಇದೆಯಲ್ಲಾ" ಅಂದಳು. ಅತ್ತೆ "ಹುಳ ನಿದ್ದೆ ಮಾಡ್ತಿದೆ" ಅಂದುಬಿಟ್ಟರು. ಅವತ್ತಿನಿಂದ ರಾತ್ರಿ ಮಲಗಲು ಅಳುತ್ತಾಳೆ. ಎಲ್‌ಕೆಜಿ ಮಿಸ್ "ಕೂತಲ್ಲಿ ಕೂರಲ್ಲ, ಹೈಪರ್ ಇರಬಹುದು, ಬೆಂಗಳೂರಿನಲ್ಲಿ ತೋರಿಸಿ" ಎಂದಿದ್ದಾರೆ. ಅತ್ತೆ ಹೊಟ್ಟೆಯಲ್ಲಿ ಜಂತುಹುಳ ಅನ್ನುತ್ತಾರೆ, ಹೆಣ್ಣುಮಗು ಇಷ್ಟು ಮಾತಾಡಬಾರದು ಅಂತಲೂ ಅನ್ನುತ್ತಾರೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮೂರನ್ನೂ ಕಲೆಸಿ ಮಾತಾಡುತ್ತಾಳೆ. ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವ ಹೊತ್ತಿನಲ್ಲಿ ನಮಗೆ ಉಸಿರಾಡಲೂ ಬಿಡುವಿರುವುದಿಲ್ಲ, ಮೊಬೈಲ್ ಕೊಟ್ಟು ಕೂರಿಸುತ್ತೇವೆ. ನಮ್ಮ ಮಗುವಿಗೆ ಏನಾದರೂ ತೊಂದರೆ ಇದೆಯಾ? ಶಾಲೆ ಬದಲಿಸಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಚಿಂತೆಗಳು ಸಿಕ್ಕುಬಿದ್ದಿವೆ. ಮಗಳು ಜಾಸ್ತಿ ಕೇಳುತ್ತಾಳೆ, ಕೂರುವುದಿಲ್ಲ, ಭಾಷೆ ಬೆರೆಸುತ್ತಾಳೆ, ಮಲಗಲು ಹೆದರುತ್ತಾಳೆ. ಎಲ್ಲದರ ಹಿಂದೆ ಇರುವ ಭಯ ಒಂದೇ. ಮಗುವಿನ ತಲೆಯಲ್ಲಿ ಏನೋ ಸರಿಯಿಲ್ಲವಾ ಅಂತ ಅಲ್ವಾ?

ನೀವು ಬರೆದಿರುವುದನ್ನು ನೋಡಿದರೆ ನನಗೆ ಹಾಗೆ ಅನಿಸುವುದಿಲ್ಲ. ಹುಳಕ್ಕೆ ಹಲ್ಲು ಇದೆಯಾ ಎಂದು ಕೇಳುವ ಮಗು, ಹುಳ ಸೊಪ್ಪು ತಿನ್ನುವುದನ್ನು ಹತ್ತಿರದಿಂದ ನೋಡಿದೆ. ತನ್ನ ಬಾಯಿಯ ಜೊತೆ ಹೋಲಿಸಿದೆ. ಆಮೇಲೆ ಕೇಳಿದೆ. (ನಮ್ಮಂಥ ಹಲ್ಲಿಲ್ಲ, ಅಕ್ಕಪಕ್ಕಕ್ಕೆ ಆಡುವ ಗಟ್ಟಿ ದವಡೆ ಇದೆ ಎಂದು ಹೇಳಿ. ಎಲೆಯ ಅಂಚನ್ನು ಹೇಗೆ ಕತ್ತರಿಸುತ್ತದೆ ಎಂದು ತೋರಿಸಿ.) ಗೂಡಿನೊಳಗೆ ಹುಳ ಇರುತ್ತದೆ ಎನ್ನುವುದನ್ನು ನೆನಪಿಟ್ಟುಕೊಂಡು, ಬಿಸಿನೀರು ಕಂಡ ತಕ್ಷಣ ಎರಡನ್ನೂ ಜೋಡಿಸಿದ್ದಾಳೆ. ನಾಲ್ಕು ವರ್ಷಕ್ಕೆ ಇದು ಬಹಳ ಚೆನ್ನಾಗಿ ಓಡುತ್ತಿರುವ ತಲೆ. ನನಗೆ ಚಿಂತೆ ತಂದದ್ದು ಅವಳ ಪ್ರಶ್ನೆಗಳಲ್ಲ. ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಟಾರ್ಚಿನ ಸೆಲ್. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪ್ರಶ್ನೆಗಳ ಮಾತು. ಈ ವಯಸ್ಸಿನ ಮಕ್ಕಳು ಮನೆಯವರ ಜೊತೆ ಆಡುವ ಮಾತನ್ನು ದಾಖಲಿಸಿಕೊಂಡು ಎಣಿಸಿದ ಅಧ್ಯಯನವೊಂದು 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಏನನ್ನಾದರೂ ತಿಳಿಯಲೆಂದೇ ಕೇಳಿದ ಪ್ರಶ್ನೆಗಳೇ ಗಂಟೆಗೆ ಸರಾಸರಿ 76 ಇದ್ದವು. ಅದು ಕೆಲವೇ ಮಕ್ಕಳ ಲೆಕ್ಕ, ನಿಜ. ಆದರೂ ನಿಮ್ಮ ಮಗಳು ಲೋಕದಲ್ಲಿ ಯಾರೂ ಕೇಳದಷ್ಟು ಕೇಳುತ್ತಿಲ್ಲ ಎಂದು ತಿಳಿಯಲು ಸಾಕು. 2009ರ ಇನ್ನೊಂದು ಅಧ್ಯಯನ ನಿಮಗೆ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. "ಯಾಕೆ" ಎಂದಾಗ ನಿಜವಾದ ಕಾರಣ ಸಿಕ್ಕಿದ ಮಕ್ಕಳು ಒಪ್ಪಿ ಮುಂದಿನ ವಿಷಯಕ್ಕೆ ಹೋಗುತ್ತಿದ್ದರು. "ಅದು ಹಾಗೇ" ಎಂಬಂಥ ಉತ್ತರ ಸಿಕ್ಕಿದವರು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದರು, ಇಲ್ಲವೇ ತಾವೇ ಒಂದು ಕಾರಣ ಕಟ್ಟುತ್ತಿದ್ದರು. ನನ್ನ ಕ್ಲಿನಿಕ್‌ನಲ್ಲೂ ಇದೇ ಕಾಣುತ್ತದೆ. ಸ್ಟೆತಸ್ಕೋಪ್ ಯಾಕೆ ಎಂದು ಕೇಳಿದ ಮಗುವಿಗೆ "ಸುಮ್ನಿರು" ಅಂದರೆ ಅದು ಹತ್ತು ಸಲ ಕೇಳುತ್ತದೆ. "ನಿನ್ನ ಎದೆಯೊಳಗಿನ ಸದ್ದು ಕೇಳೋಕೆ" ಎಂದು ಹೇಳಿ ಕಿವಿಗೆ ಹಾಕಿದರೆ ಒಂದೇ ಸಲಕ್ಕೆ ಸುಮ್ಮನಾಗುತ್ತದೆ. ಅಂದರೆ, ಪ್ರಶ್ನೆ ಕಡಿಮೆಯಾಗಲಿ ಎಂದು ಬಾಯಿ ಮುಚ್ಚಿಸಿದರೆ ಪ್ರಶ್ನೆ ಜಾಸ್ತಿಯಾಗುತ್ತದೆ.

ಹಾಗೆಂದು ಎಲ್ಲ ಕೆಲಸ ಬಿಟ್ಟು ಪ್ರತಿಯೊಂದಕ್ಕೂ ಪಾಠ ಹೇಳಬೇಕಿಲ್ಲ. ಒಂದೆರಡು ವಾಕ್ಯ ಸಾಕು. ಗೊತ್ತಿಲ್ಲದಿದ್ದರೆ "ನನಗೂ ಗೊತ್ತಿಲ್ಲ, ಅಪ್ಪ ಬಂದಾಗ ಕೇಳೋಣ" ಎನ್ನಿ. ನೀರು ಯಾಕೆ ಕೆಳಗೇ ಹೋಗುತ್ತೆ ಎಂದರೆ ಅಂಗಳದಲ್ಲಿ ಒಂದು ಚೊಂಬು ನೀರು ಕೊಟ್ಟು, ಮೇಲಕ್ಕೆ ಹರಿಸಿ ನೋಡು ಎಂದು ಬಿಡಿ. ಆದರೆ ಪ್ರತಿ ಸಲವೂ "ನಿನಗೇನು ಅನಿಸುತ್ತೆ?" ಎಂದು ಪ್ರಶ್ನೆಯನ್ನು ಅವಳಿಗೇ ವಾಪಸ್ ಕೊಡಬೇಡಿ. ಈಚೆಗೆ ತುಂಬಾ ಜನ ಇದನ್ನು ಸಲಹೆ ಮಾಡುತ್ತಾರೆ. ಅವಳು ನಿಜವಾಗಿ ತಿಳಿಯಬೇಕೆಂದೇ ಕೇಳಿರುತ್ತಾಳೆ. ಯಾವಾಗಲೋ ಒಮ್ಮೆ ಚೆನ್ನ, ದಿನವೂ ಮಾಡಿದರೆ ಅವಳಿಗೆ ಸಿಟ್ಟು ಬರುತ್ತದೆ. ಒಲೆ ಮುಂದೆ ಇದ್ದಾಗ "ಊಟ ಮಾಡುವಾಗ ಹೇಳ್ತೀನಿ" ಅನ್ನಬಹುದು. ಆದರೆ ಊಟಕ್ಕೆ ಕೂತಾಗ ನೀವೇ ನೆನಪು ಮಾಡಿ ಹೇಳಬೇಕು. ಅದನ್ನು ಮರೆಯುತ್ತಾ ಹೋದರೆ "ಆಮೇಲೆ" ಎಂಬ ಮಾತಿಗೆ ಅವಳ ಹತ್ತಿರ ಬೆಲೆ ಉಳಿಯುವುದಿಲ್ಲ.

ಈಗ "ಹೈಪರ್" ಎಂಬ ಮಾತು. ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ಎಡಿಎಚ್‌ಡಿ ಎಂಬ ತೊಂದರೆ ನಿಜವಾಗಿಯೂ ಇದೆ, ಕೆಲವು ಮಕ್ಕಳಿಗೆ ನಾಲ್ಕನೇ ವಯಸ್ಸಿನಲ್ಲೇ ಗೊತ್ತಾಗುತ್ತದೆ. ಆದರೆ ತರಗತಿಯಲ್ಲಿ ಕೂರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆ ಹೆಸರು ಇಡುವಂತಿಲ್ಲ. ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇರಬೇಕು. ಶಾಲೆಯಲ್ಲಿ ಮಾತ್ರ ಅಲ್ಲ, ಮನೆಯಲ್ಲೂ ಇರಬೇಕು. ಅದೇ ವಯಸ್ಸಿನ ಬೇರೆ ಮಕ್ಕಳಿಗಿಂತ ಎದ್ದು ಕಾಣುವಷ್ಟು ಜಾಸ್ತಿ ಇರಬೇಕು, ಅದರಿಂದ ಮಗುವಿನ ದಿನಚರಿಗೆ ನಿಜವಾದ ಅಡ್ಡಿಯಾಗುತ್ತಿರಬೇಕು. ಮನೆಯಲ್ಲಿ ಒಂದು ವಾರ ಗಮನಿಸಿ. ಇಷ್ಟದ ಆಟದಲ್ಲಿ, ಕತೆ ಕೇಳುವಾಗ, ಹುಳ ನೋಡುವಾಗ ಅವಳು ಎಷ್ಟು ಹೊತ್ತು ಇರುತ್ತಾಳೆ? ಹತ್ತು ಹದಿನೈದು ನಿಮಿಷ ಮೈಮರೆತು ಇರುತ್ತಾಳೆ ಎಂದರೆ ಗಮನ ಕೊಡುವ ಶಕ್ತಿ ಇದೆ. ಇಲ್ಲಿ ಮೊಬೈಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದರ ಮುಂದೆ ಎಡಿಎಚ್‌ಡಿ ಇರುವ ಮಕ್ಕಳೂ ಗಂಟೆಗಟ್ಟಲೆ ಅಲ್ಲಾಡದೆ ಕೂರುತ್ತಾರೆ.

ಮಕ್ಕಳನ್ನು ಚಡಪಡಿಸುವಂತೆ ಮಾಡುವ ಬೇರೆ ಕಾರಣಗಳನ್ನೂ ನೋಡಬೇಕು. ಮೊದಲನೆಯದು ನಿದ್ದೆ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲು ಮಲಗುವುದೂ ಸೇರಿ. ದೊಡ್ಡವರು ಸುಸ್ತಾದರೆ ತೂಕಡಿಸುತ್ತಾರೆ, ಮಕ್ಕಳು ಸುಸ್ತಾದರೆ ಕುಣಿಯುತ್ತಾರೆ. ನಿಮ್ಮ ಮಗಳು ಈಗ ಮಲಗಲು ಅಳುತ್ತಿದ್ದಾಳೆ, ಅಂದರೆ ನಿದ್ದೆ ಕಡಿಮೆಯಾಗಿದೆ. ಮಿಸ್ ದೂರು ಹೇಳಿದ್ದು ಅದರ ನಂತರವೇ ಎಂದಾದರೆ ಅರ್ಧ ಉತ್ತರ ಅಲ್ಲೇ ಇದೆ. ಎರಡನೆಯದು, ರಾತ್ರಿ ಗೊರಕೆ ಹೊಡೆಯುತ್ತಾಳಾ, ಬಾಯಿ ತೆರೆದು ಮಲಗುತ್ತಾಳಾ? ಮೂಗಿನ ಹಿಂದಿನ ಅಡಿನಾಯ್ಡ್ ಎಂಬ ಗ್ರಂಥಿ ಊದಿಕೊಂಡಿದ್ದರೆ ಮಲಗಿದರೂ ನಿದ್ದೆ ಸಾಲದು. ಮೂರನೆಯದು ಕಿವಿ. ಮತ್ತೆ ಮತ್ತೆ ನೆಗಡಿ ಆಗುವ ಮಕ್ಕಳ ಕಿವಿಯೊಳಗೆ ನೀರು ನಿಲ್ಲುತ್ತದೆ, ಹಿಂದಿನ ಬೆಂಚಿನಿಂದ ಮಿಸ್ ಹೇಳಿದ್ದು ಸರಿಯಾಗಿ ಕೇಳುವುದಿಲ್ಲ. ಆಮೇಲೆ ರಕ್ತಹೀನತೆ. ಕಬ್ಬಿಣದ ಅಂಶ ಕಡಿಮೆಯಾದ ಮಗು ಕಿರಿಕಿರಿ ಮಾಡುತ್ತದೆ, ಗಮನ ನಿಲ್ಲುವುದಿಲ್ಲ. ಒಂದು ಸಣ್ಣ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ.

ಜಂತುಹುಳದ ವಿಷಯದಲ್ಲಿ ನಿಮ್ಮ ಅತ್ತೆ ಪೂರ್ತಿ ತಪ್ಪೇನಲ್ಲ. ಜಂತುಹುಳದಿಂದ ರಕ್ತ ಕಡಿಮೆಯಾಗಬಹುದು, ರಾತ್ರಿ ಹಿಂಬದಿ ತುರಿಕೆಯಾಗಿ ನಿದ್ದೆ ಕೆಡಬಹುದು. ಅಂಗನವಾಡಿ, ಶಾಲೆಗಳಲ್ಲಿ ಜಂತುಹುಳ ನಿವಾರಣೆಯ ದಿನ ಕೊಡುವ ಅಲ್ಬೆಂಡಜೋಲ್ ಮಾತ್ರೆ ಅವಳಿಗೆ ಸಿಕ್ಕಿದೆಯಾ ಎಂದು ಕೇಳಿ. ಸಿಕ್ಕಿಲ್ಲದಿದ್ದರೆ ಡಾಕ್ಟರನ್ನು ಕೇಳಿ ಕೊಡಿ. ಇಡೀ ಮಾತ್ರೆ ನುಂಗಿಸಬೇಡಿ, ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡುವುದು ಒಳ್ಳೆಯದು. ಆದರೆ ಪ್ರಶ್ನೆ ಕೇಳುವುದಕ್ಕೂ ಜಂತುಹುಳಕ್ಕೂ ಸಂಬಂಧವಿಲ್ಲ. ಸಕ್ಕರೆ ತಿಂದರೆ ಮಕ್ಕಳು ಹೈಪರ್ ಆಗುತ್ತಾರೆ ಎಂಬ ಮಾತನ್ನೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನು ಸರಿಯಾಗಿ ಪರೀಕ್ಷಿಸಿದಾಗ ನಿಜ ಎಂದು ಕಂಡುಬಂದಿಲ್ಲ. ಹಲ್ಲು ಹಾಳಾಗುತ್ತದೆ ಎಂಬ ಕಾರಣಕ್ಕೆ ಸಿಹಿ ಕಡಿಮೆ ಮಾಡಿ, ಅದು ಬೇರೆ ವಿಷಯ.

ಹೆಣ್ಣುಮಗು ಇಷ್ಟು ಮಾತಾಡಬಾರದು ಎಂಬ ಮಾತಿಗೆ ನನ್ನ ಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಬೆಳವಣಿಗೆ ನೋಡುವಾಗ ನಾವು ಹುಡುಗ, ಹುಡುಗಿ ಇಬ್ಬರಿಗೂ ಒಂದೇ ಅಳತೆ ಇಡುತ್ತೇವೆ. ಅತ್ತೆಯ ಜೊತೆ ವಾದ ಮಾಡಲು ನಿಮಗೆ ಕಷ್ಟವಾಗಬಹುದು. ಮಾವನವರಿಗೆ ಎಚ್. ನರಸಿಂಹಯ್ಯನವರ ಹೆಸರು ಗೊತ್ತಿರಬಹುದು. ನಿಮ್ಮದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಿ ನೋಡಲು ಸಮಿತಿ ಮಾಡಿದ್ದರು. ಬದುಕಿಡೀ ಎಲ್ಲವನ್ನೂ ಪ್ರಶ್ನೆ ಮಾಡಿದವರನ್ನು ಈ ಜಿಲ್ಲೆ ಹೆಮ್ಮೆಯಿಂದ ನೆನೆಯುತ್ತದೆ. ಅಂಥ ಊರಿನಲ್ಲಿ ನಾಲ್ಕು ವರ್ಷದ ಹುಡುಗಿ "ಯಾಕೆ" ಎಂದರೆ ಬೇಸರ ಮಾಡಿಕೊಳ್ಳುವುದು ಬೇಡ.

ಈಗ ಬೆಂದ ಗೂಡಿನ ಮಾತಿಗೆ ಬರೋಣ. ರಾತ್ರಿಯ ಅಳುವಿನ ಬೇರು ಇಲ್ಲೇ ಇದೆ. ನಿಮ್ಮ ಅತ್ತೆ ಮಗುವಿನ ಮನಸ್ಸು ನೋಯಬಾರದು ಎಂದೇ ಹಾಗೆ ಹೇಳಿದ್ದಾರೆ, ಅವರನ್ನು ದೂರಬೇಡಿ. ಆದರೆ ಈ ವಯಸ್ಸಿನ ಮಕ್ಕಳು ಮಾತನ್ನು ಇದ್ದದ್ದು ಇದ್ದಹಾಗೇ ತೆಗೆದುಕೊಳ್ಳುತ್ತಾರೆ. ಹುಳ ನಿದ್ದೆ ಮಾಡುತ್ತಿತ್ತು, ಅದನ್ನು ಕುದಿಯುವ ನೀರಿಗೆ ಹಾಕಿದರು, ಅದು ಏಳಲೇ ಇಲ್ಲ. ಹಾಗಾದರೆ ನಾನು ನಿದ್ದೆ ಮಾಡಿದರೆ? ಅವಳ ಲೆಕ್ಕ ಸರಿಯಾಗಿಯೇ ಇದೆ, ನಾವು ಕೊಟ್ಟ ಮಾಹಿತಿ ತಪ್ಪು. ಸಾವನ್ನು ನಿದ್ದೆ ಎಂದೋ, ಊರಿಗೆ ಹೋಗಿದ್ದಾರೆ ಎಂದೋ ಹೇಳಿದ ಮೇಲೆ ಮಲಗಲು, ಅಪ್ಪನನ್ನು ಬಸ್ಸಿಗೆ ಕಳಿಸಲು ಹೆದರುವ ಮಕ್ಕಳನ್ನು ನಾನು ನೋಡುತ್ತಲೇ ಇರುತ್ತೇನೆ. ಅಜ್ಜನೋ ಅಜ್ಜಿಯೋ ತೀರಿಕೊಂಡ ಮನೆಗಳಲ್ಲಿ ಇದು ಜಾಸ್ತಿ.

ನಾಲ್ಕು ವರ್ಷಕ್ಕೆ ಸಾವು ಪೂರ್ತಿ ಅರ್ಥವಾಗುವುದಿಲ್ಲ. ಸತ್ತದ್ದು ವಾಪಸ್ ಬರುವುದಿಲ್ಲ, ಅದಕ್ಕೆ ಹಸಿವು ನೋವು ಇರುವುದಿಲ್ಲ, ಜೀವ ಇರುವ ಎಲ್ಲಕ್ಕೂ ಅದು ಬರುತ್ತದೆ. ಇವು ಐದರಿಂದ ಏಳು ವರ್ಷದ ಹೊತ್ತಿಗೆ ಒಂದೊಂದಾಗಿ ತಲೆಗೆ ಹೋಗುತ್ತವೆ. ಆದ್ದರಿಂದ ಒಂದೇ ಸಲ ಹೇಳಿ ಮುಗಿಸುವ ವಿಷಯವಲ್ಲ. ಅವಳು ಇನ್ನೂ ಎಷ್ಟೋ ಸಲ ಕೇಳುತ್ತಾಳೆ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಏನೂ ಹೇಳದೆ, ಮರೆಯುತ್ತಾಳೆ ಎಂದು ಬಿಡಬಹುದು. ಕೆಲವು ಮಕ್ಕಳು ಮರೆಯುತ್ತಾರೆ. ನಿಮ್ಮ ಮನೆಯಲ್ಲಿ ಪ್ರತಿ ಬೆಳೆಯಲ್ಲೂ ಗೂಡು ಕಾಣುತ್ತದೆ, ಮರೆಯುವುದು ಕಷ್ಟ. ಇನ್ನೊಂದು, "ದೇವರ ಹತ್ತಿರ ಹೋಯ್ತು" ಎನ್ನುವುದು. ನಿಮ್ಮ ನಂಬಿಕೆ ಅದಾದರೆ ಹೇಳಿ, ಆದರೆ ಅದೊಂದನ್ನೇ ಹೇಳಿದರೆ "ದೇವರು ನನ್ನನ್ನೂ ಕರೀತಾನಾ" ಎಂಬ ಹೊಸ ಭಯ ಹುಟ್ಟಬಹುದು. ಮೂರನೆಯದು, ಸಣ್ಣ ಮಾತಿನಲ್ಲಿ ನಿಜ ಹೇಳುವುದು. ಅಳಬಹುದು, ರೇಷ್ಮೆ ಲಂಗ ಬೇಡ ಎನ್ನಬಹುದು, ನೆಂಟರ ಮುಂದೆ "ನೀವು ಹುಳ ಸಾಯಿಸ್ತೀರ" ಎಂದುಬಿಡಬಹುದು. ಇಷ್ಟಕ್ಕೆ ತಯಾರಿದ್ದರೆ ನಾನು ಹೇಳುವುದು ಈ ದಾರಿಯನ್ನೇ.

ಹಗಲು ಹೊತ್ತಿನಲ್ಲಿ, ಮಲಗುವ ಸಮಯಕ್ಕೆ ತುಂಬಾ ಮುಂಚೆ, ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. ಮನೆಯ ತೆಲುಗಿನಲ್ಲೇ ಹೇಳಿ. "ಅವತ್ತು ಹುಳ ನಿದ್ದೆ ಮಾಡ್ತಿದೆ ಅಂದ್ವಲ್ಲ, ಅದು ಸರಿ ಅಲ್ಲ ಚಿನ್ನ. ಬಿಸಿಗೆ ಗೂಡಿನೊಳಗಿನ ಹುಳ ಸತ್ತುಹೋಗುತ್ತೆ. ಸತ್ತ ಹುಳ ಮತ್ತೆ ಏಳಲ್ಲ. ಆಮೇಲೆ ಅದಕ್ಕೆ ನೋವಾಗಲ್ಲ, ಹಸಿವಾಗಲ್ಲ. ನಿದ್ದೆ ಅಂದ್ರೆ ಬೇರೆ. ನೀನು ಮಲಗಿದಾಗ ಉಸಿರಾಡ್ತಾ ಇರ್ತೀಯ, ಬೆಳಗ್ಗೆ ಏಳ್ತೀಯ." ಇಷ್ಟು ಸಾಕು. "ನಾವೇ ಸಾಯಿಸಿದ್ವಾ?" ಎಂದರೆ ಹೌದು ಎನ್ನಿ. ಆ ಗೂಡಿನ ದಾರದಿಂದ ಸೀರೆ ಆಗುತ್ತೆ, ಗೂಡು ಮಾರಿದ ದುಡ್ಡಲ್ಲಿ ನಮ್ಮ ಮನೆ ನಡೆಯುತ್ತೆ ಎನ್ನಿ. ರೈತರ ಮನೆಯ ಮಗು ಇದನ್ನು ಸುತ್ತುಬಳಸಿಲ್ಲದೆ ತಿಳಿಯಬಹುದು. "ಅಮ್ಮಾ, ನೀನೂ ಸಾಯ್ತೀಯಾ?" ಎಂಬುದು ಬಂದೇ ಬರುತ್ತದೆ. "ಇಲ್ಲವೇ ಇಲ್ಲ" ಎನ್ನಬೇಡಿ. "ತುಂಬಾ ಜನ ತುಂಬಾ ವಯಸ್ಸಾದ ಮೇಲೆ ಸಾಯ್ತಾರೆ. ನಾನು ಇನ್ನೂ ತುಂಬಾ ವರ್ಷ ನಿನ್ನ ಜೊತೆ ಇರ್ತೀನಿ ಅಂದ್ಕೊಂಡಿದ್ದೀನಿ" ಎನ್ನಿ. ಅವಳ ಪ್ರಶ್ನೆಯ ಒಳಗಿನ ಪ್ರಶ್ನೆ, ನನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು. ಅದಕ್ಕೂ ಉತ್ತರ ಕೊಡಿ: ಅಪ್ಪ ಇದ್ದಾರೆ, ಅಜ್ಜಿ ತಾತ ಇದ್ದಾರೆ ಎಂದು.

ಇದರ ಜೊತೆ ಒಂದು ಕೆಲಸ ಮಾಡಿ. ನನಗೆ ಇದು ತುಂಬಾ ಇಷ್ಟ. ಮುಂದಿನ ಬೆಳೆಯಲ್ಲಿ ನಾಲ್ಕಾರು ಹುಳಗಳನ್ನು ಅವಳಿಗೇ ಎಂದು ಒಂದು ಸಣ್ಣ ಬುಟ್ಟಿಯಲ್ಲಿ ಕೊಡಿ. ಹುಳದ ಮನೆಯಿಂದ ದೂರ, ಇರುವೆ ಹಲ್ಲಿ ಬಾರದ ಜಾಗದಲ್ಲಿ ಇಡಿ. ಸೊಪ್ಪು ಅವಳೇ ಹಾಕಲಿ. ಜ್ವರಕ್ಕೆ ಕೂತು (ಪೊರೆ ಬಿಡಲು ಸೊಪ್ಪು ತಿನ್ನದೆ ನಿಂತು) ಏಳುವುದನ್ನು, ಗೂಡು ಕಟ್ಟುವುದನ್ನು ಅವಳೇ ನೋಡಲಿ. ಆ ಗೂಡುಗಳನ್ನು ಮಾರ್ಕೆಟ್ಟಿಗೆ ಹಾಕದೆ ಹಾಗೇ ಬಿಟ್ಟರೆ ಗೂಡು ಕಟ್ಟಿದ ಸುಮಾರು ಹತ್ತು ಹದಿನಾಲ್ಕು ದಿನಕ್ಕೆ ಚಿಟ್ಟೆ ಹೊರಗೆ ಬರುತ್ತದೆ. ವರ್ಷಗಟ್ಟಲೆ ಹುಳ ಸಾಕುವ ಮನೆಗಳಲ್ಲೂ ಆ ಚಿಟ್ಟೆಯನ್ನು ನೋಡದ ಮಕ್ಕಳಿದ್ದಾರೆ. ಬಿಳಿ ಮೈ, ರೆಕ್ಕೆ ಇದ್ದರೂ ಹಾರಲು ಬರುವುದಿಲ್ಲ, ಏನನ್ನೂ ತಿನ್ನುವುದಿಲ್ಲ. ಹೆಣ್ಣು ಚಿಟ್ಟೆ ನೂರಾರು ಮೊಟ್ಟೆ ಇಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಚಿಟ್ಟೆ ಹೊರಬಂದ ಗೂಡನ್ನು ಅವಳ ಕೈಗೆ ಕೊಡಿ. ತೂತು ಬಿದ್ದಿರುತ್ತದೆ. ನೂರಾರು ಮೀಟರ್ ಉದ್ದದ ಒಂದೇ ಎಳೆ ಅಲ್ಲಿ ತುಂಡಾಗುತ್ತದೆ, ಅದಕ್ಕೇ ಚಿಟ್ಟೆ ಬರುವ ಮುಂಚೆ ಗೂಡು ಬೇಯಿಸುತ್ತೇವೆ ಎಂದು ಆಗ ಹೇಳಿ. ಕಾರಣ ಕಣ್ಣೆದುರಿಗೇ ಇರುತ್ತದೆ. ಸಾವನ್ನೂ ಅವಳು ಹೆದರಿಕೆ ಇಲ್ಲದೆ, ತನ್ನ ಬುಟ್ಟಿಯಲ್ಲಿ ನೋಡಿರುತ್ತಾಳೆ. ಒಂದು ಎಚ್ಚರಿಕೆ: ಆ ಹುಳಗಳನ್ನು ಮತ್ತೆ ಹುಳದ ಮನೆಗೆ ಸೇರಿಸಬೇಡಿ, ಮೊಟ್ಟೆಗಳನ್ನು ಚಾಕಿಗೆ (ಮರಿಹುಳ ಸಾಕಣೆಗೆ) ಬಳಸಬೇಡಿ, ಎಲ್ಲ ಮುಗಿದ ಮೇಲೆ ಸುಟ್ಟುಬಿಡಿ. ಬೆಳೆಗೆ ರೋಗ ತಗುಲಿದರೆ ಮನೆಯಲ್ಲಿ ಅವಳ ಬುಟ್ಟಿಯನ್ನೇ ದೂರುತ್ತಾರೆ.

ರಾತ್ರಿ ಕೆಲವು ವಾರ ಅವಳ ಪಕ್ಕ ಕೂರಿ. ದಿನವೂ ಒಂದೇ ಹೊತ್ತು, ಒಂದೇ ಕ್ರಮ: ಊಟ, ಕೈಕಾಲು ತೊಳೆಯುವುದು, ಒಂದು ಕತೆ, ದೀಪ ಸಣ್ಣದು. "ಸುಮ್ನೆ ಮಲಗು, ಇಲ್ದಿದ್ರೆ ಗುಮ್ಮ ಬರ್ತಾನೆ" ಎಂದು ಯಾರೂ ಹೇಳದಂತೆ ನೋಡಿಕೊಳ್ಳಿ. ಒಂದೆರಡು ತಿಂಗಳಾದರೂ ಭಯ ಇಳಿಯದಿದ್ದರೆ, ಹಗಲಲ್ಲೂ ನಿಮ್ಮನ್ನು ಬಿಡದೆ ಅಂಟಿಕೊಂಡರೆ, ತೋರಿಸಿ. ಮಾತಾಡಿ ಕೇಳಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಆ ಟಾರ್ಚ್. ಇವಳಂಥ ಮಕ್ಕಳ ಬಾಯಿಗೆ ಬೀಗ ಬೇಡ, ಆದರೆ ಮನೆಯ ಕೆಲವು ಬಾಗಿಲುಗಳಿಗೆ ಬೀಗ ಬೇಕೇ ಬೇಕು. "ಮುಟ್ಟಬೇಡ" ಎಂದು ಹೇಳಿದ್ದೇವೆ ಎಂಬ ಭರವಸೆಯಲ್ಲಿ ಇರಬೇಡಿ. ನಾಲ್ಕು ವರ್ಷದ ಮಗುವಿಗೆ ಆ ಮಾತು ನೆನಪಿರುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ. ಟಾರ್ಚಿನ ಉದ್ದನೆ ಸೆಲ್‌ಗಿಂತ ರಿಮೋಟ್, ಆಟಿಕೆ, ವಾಚಿನಲ್ಲಿರುವ ಬಿಲ್ಲೆಯಂಥ ಬ್ಯಾಟರಿ ಬಹಳ ಅಪಾಯ. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡಲು ಶುರುವಾಗುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಮಲದಲ್ಲಿ ಹೋಗುತ್ತದೆ ಎಂದು ಕಾಯದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಮೂಗಿಗೆ ಹುಣಸೆ ಬೀಜ, ಮಣಿ ಹಾಕಿಕೊಳ್ಳುವುದು ನಮ್ಮ ಕಡೆ ತುಂಬಾ ಸಾಮಾನ್ಯ. ಒಂದೇ ಹೊಳ್ಳೆಯಿಂದ ನಾತ ಬರುವ ಸಿಂಬಳ ಸುರಿಯುತ್ತಿದ್ದರೆ ಅದು ನೆಗಡಿಯಲ್ಲ, ಒಳಗೆ ಏನೋ ಇದೆ. ಐದು ವರ್ಷದ ತನಕ ಇಡೀ ಕಡಲೆಬೀಜ ಕೊಡಬೇಡಿ, ಪುಡಿ ಮಾಡಿ ಕೊಡಿ. ತಿನ್ನುತ್ತಾ ಓಡುವಾಗ ಉಸಿರಿನ ಕೊಳವೆಗೆ ಹೋಗುತ್ತದೆ. ತಟ್ಟನೆ ಕೆಮ್ಮು ಬಂದು ನಿಂತುಹೋಗಿ, ಆಮೇಲೆ ಉಸಿರಲ್ಲಿ ಸುಯ್ ಸದ್ದು ಬಂದರೆ ಅಂದೇ ತೋರಿಸಬೇಕು.

ನಿಮ್ಮ ಮನೆಗೆ ಸೇರಿದ ಅಪಾಯಗಳು ಬೇರೆ ಇವೆ. ಹುಳದ ಮನೆಗೆ ಹೊಡೆಯುವ ಬ್ಲೀಚಿಂಗ್ ಪೌಡರ್, ಫಾರ್ಮಲಿನ್, ಹುಳದ ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿ, ತೋಟದ ಔಷಧಿ. ಇವನ್ನು ಎಂದೂ ಕೂಲ್‌ಡ್ರಿಂಕ್ ಬಾಟಲಿಗೆ ಹಾಕಿಡಬೇಡಿ. ಮಗು ನೋಡುವುದು ಬಾಟಲಿಯ ಗುರುತು. ಬೀಗ ಇರುವ ಪೆಟ್ಟಿಗೆಯಲ್ಲಿ, ಎತ್ತರದಲ್ಲಿ ಇಡಿ. ಸುಣ್ಣ ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡುವ ಮುಂಚೆ ಅಲ್ಲೇ, ಆ ಕ್ಷಣವೇ, ಕಣ್ಣು ತೆರೆಸಿ ಶುದ್ಧ ನೀರಿನಿಂದ ಇಪ್ಪತ್ತು ನಿಮಿಷಕ್ಕೂ ಜಾಸ್ತಿ ತೊಳೆಯಬೇಕು. ಮೊದಲ ಕೆಲವು ನಿಮಿಷಗಳ ಮೇಲೆ ದೃಷ್ಟಿ ಉಳಿಯುವುದು ನಿಂತಿದೆ. ಸೀಮೆಎಣ್ಣೆಯೋ ಔಷಧಿಯೋ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋದರೆ ಇನ್ನೂ ಕೆಟ್ಟದ್ದು. 108ಕ್ಕೆ ಫೋನ್ ಮಾಡಿ, ಬಾಟಲಿಯನ್ನು ಜೊತೆಗೆ ತನ್ನಿ. ನೂಲು ಬಿಚ್ಚುವ ಮನೆಗೆ ಹೋದಾಗ ಬಿಸಿನೀರಿನ ಬೇಸಿನ್ ಇರುವ ಕೋಣೆಗೆ ಅವಳನ್ನು ಬಿಡಬೇಡಿ, ಬಾಗಿಲಿನಿಂದ ಎತ್ತಿಕೊಂಡು ತೋರಿಸಿ. ಬಿಸಿನೀರು ಬಿದ್ದರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ. ಪೇಸ್ಟ್, ಅರಿಶಿನ, ಇಂಕು ಏನೂ ಬೇಡ.

ಎಲ್ಲಕ್ಕಿಂತ ನನಗೆ ನಿದ್ದೆ ಕೆಡಿಸುವುದು ನೀರು. ಇಡೀ ಲೋಕದ ಲೆಕ್ಕ ನೋಡಿದರೆ ಒಂದರಿಂದ ನಾಲ್ಕು ವರ್ಷದ ಮಕ್ಕಳೇ ನೀರಿನಲ್ಲಿ ಮುಳುಗಿ ಹೆಚ್ಚು ಸಾಯುವುದು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಮನೆಗಳಲ್ಲಿ ನೀರಿನ ಕೊರತೆಯಿಂದಲೇ ಸಂಪು ಇರುತ್ತದೆ, ಹೊಲದಲ್ಲಿ ಕೃಷಿ ಹೊಂಡ ಇರುತ್ತದೆ. ನೀರು ಯಾಕೆ ಕೆಳಗೇ ಹೋಗುತ್ತೆ ಎಂದು ಕೇಳುವ ಮಗು ಸಂಪಿನೊಳಗೆ ಬಗ್ಗಿ ನೋಡಿಯೇ ನೋಡುತ್ತದೆ. ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ. ಪಾಲಿಥೀನ್ ಹಾಳೆ ಹಾಸಿದ ಹೊಂಡದಲ್ಲಿ ಈಜು ಬರುವ ದೊಡ್ಡವರಿಗೂ ಹತ್ತಲು ಹಿಡಿತ ಸಿಗುವುದಿಲ್ಲ. ಸುತ್ತ ಬೇಲಿ, ಗೇಟಿಗೆ ಬೀಗ, ಒಳಗೆ ಇಳಿಬಿಟ್ಟ ಗಂಟಿನ ಹಗ್ಗ, ಮೂರೂ ಇರಲಿ. ಈ ಉತ್ತರದಲ್ಲಿ ಒಂದೇ ಒಂದು ಕೆಲಸ ಇವತ್ತೇ ಮಾಡುವುದಾದರೆ ಸಂಪಿನ ಬೀಗದ ಕೆಲಸ ಮಾಡಿ.

ಮೊಬೈಲ್ ವಿಷಯದಲ್ಲಿ ನಿಮ್ಮನ್ನು ಬೈಯುವ ಮನಸ್ಸು ನನಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಿತಿ ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು. ಹಣ್ಣು ಹುಳ ಆರಿಸಿ ಚಂದ್ರಂಕಿಗೆ (ಹುಳ ಗೂಡು ಕಟ್ಟುವ ತಟ್ಟೆಗೆ) ಬಿಡುವ ಎರಡು ಮೂರು ದಿನ ಅದು ಮೀರಿದರೆ ಆಕಾಶ ಬೀಳುವುದಿಲ್ಲ. ಆ ಹೊತ್ತಿನಲ್ಲಿ ಯಾರೂ ಕಣ್ಣಿಡದೆ ಅವಳನ್ನು ಅಂಗಳಕ್ಕೆ ಬಿಡುವುದಕ್ಕಿಂತ ಮೊಬೈಲೇ ಮೇಲು. ತೊಂದರೆ ಬರುವುದು ಬೆಳೆ ಮುಗಿದ ಮೇಲೂ ಅದೇ ಮುಂದುವರಿದರೆ, ಊಟಕ್ಕೂ ನಿದ್ದೆಗೂ ಮೊಬೈಲ್ ಬೇಕು ಎಂದಾದರೆ. ಮಲಗುವ ಒಂದು ಗಂಟೆ ಮುಂಚೆ ಕೊಡಲೇಬೇಡಿ. ಸಾಧ್ಯವಾದರೆ ಅವಳಿಗೂ ಒಂದು ಕೆಲಸ ಕೊಡಿ. ಹಳದಿ ಎಲೆ ಬೇರೆ ಮಾಡುವುದು, ಖಾಲಿ ಚಂದ್ರಂಕಿ ಎಣಿಸುವುದು, ತಾತನಿಗೆ ನೀರು ಕೊಟ್ಟು ಬರುವುದು. ಕೆಲಸ ಅರ್ಧಂಬರ್ಧ ಆಗುತ್ತದೆ, ಆದರೆ ಅವಳು ನಿಮ್ಮ ಕಣ್ಣೆದುರಿಗೆ ಇರುತ್ತಾಳೆ.

ಭಾಷೆಯ ಬಗ್ಗೆ ಚಿಂತೆ ಬೇಡವೇ ಬೇಡ. "ಅಮ್ಮಾ, ನಂಗೆ ನೀಳ್ಳು ಬೇಕು" ಎನ್ನುವುದು ನಮ್ಮ ಕಡೆ ಅರ್ಧ ಊರು ಆಡುವ ಮಾತು. ಎರಡು ಮೂರು ಭಾಷೆ ಕೇಳಿ ಬೆಳೆದರೆ ಮಾತು ತಡವಾಗುವುದಿಲ್ಲ, ಬುದ್ಧಿ ಗೊಂದಲವಾಗುವುದಿಲ್ಲ. ಶಾಲೆಗಾಗಿ ಮನೆಯಲ್ಲಿ ಹರಕು ಇಂಗ್ಲಿಷ್ ಶುರು ಮಾಡಬೇಡಿ. ನಿಮಗೆ ಚೆನ್ನಾಗಿ ಬರುವ ತೆಲುಗಿನಲ್ಲೇ ಕತೆ ಹೇಳಿ.

ಬೆಂಗಳೂರಿಗೆ ಓಡಬೇಕಾ ಎಂಬುದಕ್ಕೆ, ಈಗಲೇ ಬೇಡ ಎನ್ನುತ್ತೇನೆ. ಮೊದಲು ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಕಿವಿ, ರಕ್ತ, ಬೆಳವಣಿಗೆ ನೋಡಿಸಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ತಪಾಸಣೆಗೆ, ಮುಂದಿನ ಚಿಕಿತ್ಸೆಗೆ ದುಡ್ಡು ಕೊಡಬೇಕಿಲ್ಲ. ಅಗತ್ಯ ಕಂಡರೆ ಅಲ್ಲಿಂದಲೇ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಬರೆದು ಕೊಡುತ್ತಾರೆ. ಒಂದು ವೇಳೆ ಎಡಿಎಚ್‌ಡಿಯೇ ಎಂದಾದರೂ ಈ ವಯಸ್ಸಿಗೆ ಮೊದಲು ಮಾಡುವುದು ಅಪ್ಪ ಅಮ್ಮನಿಗೆ ತರಬೇತಿ, ಮಾತ್ರೆ ಅಲ್ಲ. ಆದರೆ ಈ ಕೆಲವನ್ನು ಕಂಡರೆ ತಡ ಮಾಡಬೇಡಿ: ಕಲಿತ ಮಾತು ಬಿಟ್ಟುಹೋಗುವುದು, ಹೆಸರು ಕರೆದರೆ ತಿರುಗದಿರುವುದು, ಹೊರಗಿನವರಿಗೆ ಮಾತು ಅರ್ಥವೇ ಆಗದಿರುವುದು, ಬೇರೆ ಮಕ್ಕಳ ಜೊತೆ ಆಟವೇ ಬೇಡವಾಗುವುದು, ಅದೇ ಪ್ರಶ್ನೆಯನ್ನು ಉತ್ತರ ಕೇಳಿಸಿಕೊಳ್ಳದೆ ಯಂತ್ರದಂತೆ ಕೇಳುವುದು. ನಿಮ್ಮ ಪತ್ರದಲ್ಲಿ ಇವು ಯಾವುದೂ ಇಲ್ಲ.

ಕೊನೆಗೆ ಶಾಲೆ. ಮಿಸ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ದೊಡ್ಡ ತರಗತಿಯಲ್ಲಿ ಒಬ್ಬ ಮಗು ಎದ್ದು ಓಡಾಡಿದರೆ ಅವರಿಗೂ ಕಷ್ಟ. ಅವರ ಹತ್ತಿರ ಮೂರು ವಿಷಯ ಕೇಳಿ. ಯಾವ ಹೊತ್ತಿನಲ್ಲಿ ಏಳುತ್ತಾಳೆ? ಎಷ್ಟು ಹೊತ್ತು ಒಂದೇ ಸಮ ಬರೆಯಬೇಕು? ಆಟಕ್ಕೆ ಎಷ್ಟು ಹೊತ್ತು ಬಿಡುತ್ತಾರೆ? 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವಯಸ್ಸಿನ ಕಲಿಕೆ ಆಟದ ಮೂಲಕವೇ ಆಗಬೇಕು ಎನ್ನುತ್ತದೆ. ನಾಲ್ಕು ವರ್ಷದ ಬೆರಳಿಗೆ ಮುಕ್ಕಾಲು ಗಂಟೆ ಕಾಪಿ ಬರೆಯುವ ಶಕ್ತಿ ಇರುವುದಿಲ್ಲ. ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ನಡುವೆ ಪುಸ್ತಕ ಹಂಚುವಂಥ ಕೆಲಸ ಕೊಡುತ್ತೀರಾ ಎಂದು ವಿನಂತಿಸಿ. ಮಿಸ್ ಒಪ್ಪಿದರೆ ಅದೇ ಶಾಲೆಯಲ್ಲಿ ಇರಲಿ. ಗೆಳೆಯರು ಇರುವ ಜಾಗವನ್ನು ಬಿಡಿಸುವುದೂ ಮಗುವಿಗೆ ಭಾರವೇ. ಹೊಡೆಯುತ್ತಾರೆ, ಎಲ್ಲರ ಮುಂದೆ "ಹೈಪರ್" ಎಂದು ಕರೆಯುತ್ತಾರೆ ಎಂದು ಗೊತ್ತಾದರೆ ಮಾತ್ರ ತಕ್ಷಣ ಬಿಡಿಸಿ, ಊರಿನ ಅಂಗನವಾಡಿಯಾದರೂ ಸರಿ. ಹಾಗಿಲ್ಲದೆ ಬದಲಿಸುವುದಾದರೆ ಬೇಸಿಗೆ ರಜೆಯ ತನಕ ಕಾಯಿರಿ. ಹೊಸ ಶಾಲೆಯ ಮೊದಲ ವಾರ ನಿಮ್ಮ ಹುಳ ಹಣ್ಣಾಗುವ ವಾರ ಆಗದಂತೆ ಚಾಕಿ ತರುವ ದಿನವನ್ನು ಮುಂಚೆಯೇ ನೋಡಿಕೊಳ್ಳಿ. ಆ ವಾರ ಅವಳ ಜೊತೆ ಗೇಟಿನ ತನಕ ನೀವೇ ಹೋಗಬೇಕಾಗುತ್ತದೆ.